ಹಳೆಯ ಕಾರು ಏದುಸಿರು ಬಿಟ್ಟರೆ

ಮಾವಿನಕಾಯಿ ಚಿತ್ರಾನ್ನದ ಪುಟ ತಿರುವಿದ ಕೂಡಲೇ ಕಾರಿನ ಮಾತೇ ಎಂದು ಹುಬ್ಬೇರಿಸಬೇಡಿ, ಸೋದರಿಯರೇ. ಹೊಲಿಗೆ ಯಂತ್ರದ ದಾರ ಸಡಿಲವೋ ಬಿಗಿಯೋ ಎಂದು ಸದ್ದಿನಲ್ಲೇ ಹೇಳಬಲ್ಲವರಿಗೆ ಇದೇನು ಮಹಾ ವಿದ್ಯೆಯಲ್ಲ.

ನಮ್ಮ ಹಲವಾಗಲು ತುಂಗಭದ್ರೆಯ ದಂಡೆಯ ಊರು. ಅತ್ತೆಯವರ ಮಂಡಿನೋವಿಗೆ ಹರಪನಹಳ್ಳಿಗೋ ದಾವಣಗೆರೆಗೋ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತುವುದು ಅವರಿಂದಾಗದು. ಮಾವನವರು ಬಿಟ್ಟುಹೋದ ಅಂಬಾಸಿಡರೇ ಗತಿ. ಕಳೆದ ಬೇಸಿಗೆಯಲ್ಲಿ ಅದು ಏರು ಕಂಡರೆ ಸಾಕು, ಏದುಸಿರು ಬಿಡತೊಡಗಿತು. ನೀರು ಕುದಿಯಿತು, ಪೆಟ್ರೋಲು ಸುರಿದಷ್ಟೂ ಸಾಲದಾಯಿತು. ಪೇಟೆಯ ಮೆಕ್ಯಾನಿಕ್ಕೊಬ್ಬ ಬಾನೆಟ್ ಎತ್ತಿ ನೋಡಿ, ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕೆಂದ. ಅವನು ಹೇಳಿದ ಮೊತ್ತ ಕೇಳಿ ನಮ್ಮ ಮನೆಯವರು, “ಗುಜರಿಗೆ ಹಾಕೋಣ” ಎಂದೇಬಿಟ್ಟರು. ಅತ್ತೆಯವರು ಅಂದು ಊಟಕ್ಕೆ ಏಳಲಿಲ್ಲ.

ನಮ್ಮ ಓಣಿಯಲ್ಲೊಬ್ಬ ಹಿರಿಯರು ಬಹುಕಾಲ ಟ್ಯಾಕ್ಸಿ ಓಡಿಸಿದವರು. ಗಾಡಿಯ ಸದ್ದು ಕೇಳಿ, “ಬೋರು ಗೀರು ಏನೂ ಬ್ಯಾಡವ್ವಾ. ಕಿಡಿ ತಡಾ ಆಗೇತಿ. ಮೊದ್ಲು ಟೈಮಿಂಗ್ ನೋಡು” ಎಂದರು. ನೋಡುವುದು ಹೇಗೆಂದು ಅವರೇ ಪಕ್ಕದಲ್ಲಿ ನಿಂತು ಕಲಿಸಿದರು. ಕೈ ಮಾತ್ರ ನನ್ನದು.

ಟೈಮಿಂಗ್ ಎಂದರೇನು? ಪಂಚಮಿ ಹಬ್ಬದ ಜೋಕಾಲಿ ನೆನಪಿಸಿಕೊಳ್ಳಿ. ಜೋಕಾಲಿ ಇನ್ನೂ ನಿಮ್ಮತ್ತ ಬರುತ್ತಿರುವಾಗಲೇ ನೂಕಿದರೆ ನಿಮ್ಮ ಮಣಿಕಟ್ಟಿಗೇ ಪೆಟ್ಟು. ದೂರ ಹೋದ ಮೇಲೆ ನೂಕಿದರೆ ಬಲವೆಲ್ಲ ವ್ಯರ್ಥ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೇರಿ ಕೆಳಗಿಳಿಯುವಾಗ ಪೆಟ್ರೋಲಿನ ಉರಿ ಅದನ್ನು ನೂಕುವುದೂ ಹೀಗೆಯೇ. ಆದರೆ ಕಡ್ಡಿ ಗೀರಿದ ಕ್ಷಣಕ್ಕೇ ಒಲೆ ಧಗಧಗಿಸುವುದಿಲ್ಲವಲ್ಲ? ಅದಕ್ಕೇ ಪಿಸ್ಟನ್ ತುದಿ ಮುಟ್ಟುವುದಕ್ಕೆ ತುಸು ಮೊದಲೇ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಪ್ಲಗ್ಗುಗಳೂ ಸೇರಿ ಸೆಕೆಂಡಿಗೆ 100 ಕಿಡಿ! ಕಿಡಿ ತಡವಾದರೆ ಗಾಡಿಗೆ ಎಳೆತವಿಲ್ಲ, ಎಂಜಿನ್ ಕಾಯುತ್ತದೆ. ಬಹಳ ಬೇಗನಾದರೆ ಟಣಟಣ ಸದ್ದು, ಅಂದರೆ ನಾಕಿಂಗ್. ಅದನ್ನು ಅಲಕ್ಷಿಸಿದರೆ ಪಿಸ್ಟನ್ನೇ ಹಾಳಾದೀತು.

ತಾನಾಗಿ ಏಕೆ ತಪ್ಪುತ್ತದೆ ಎನ್ನುವಿರಾ? ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟ್ ಎಂಬ ಪುಟ್ಟ ಜೋಡಿ ಇದೆ. ಅದು ತೆರೆದಾಗಲೇ ಕಿಡಿ ಹುಟ್ಟುವುದು. ಅದನ್ನು ತೆರೆಯುವ ಫೈಬರ್ ತುಂಡು ತಿಕ್ಕಿ ತಿಕ್ಕಿ ಸವೆಯುತ್ತದೆ, ಸಂದು ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ. ನಮ್ಮ ಗಾಡಿಯ ಕಾಯಿಲೆ ಇಷ್ಟೇ.

ಇನ್ನು ಕೆಲಸ. ಸೆರಗು ಬಿಗಿದು ಸಿಕ್ಕಿಸಿ, ಜಡೆ ಕಟ್ಟಿ, ಲೋಹದ ಬಳೆ, ಸರ ತೆಗೆದಿಡಿ. ಬ್ಯಾಟರಿಗೆ ತಗುಲಿದರೆ ಕೈ ಸುಟ್ಟೀತು. ಎಂಜಿನ್ ತಣ್ಣಗಿರಲಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ವಯರುಗಳಿಗೆ ಗುರುತು ಹಾಕಿಕೊಳ್ಳಿ (ನಾನು ಹಾಕದೆ ಅರ್ಧ ದಿನ ಪೇಚಾಡಿದೆ). ಮೊದಲು ಪಾಯಿಂಟಿನ ಸಂದು. ಫೈಬರ್ ತುಂಡು ಕ್ಯಾಮಿನ ನೆತ್ತಿಯ ಮೇಲಿರುವಾಗ ಫೀಲರ್ ಗೇಜಿನಿಂದ ಅಳೆದು, ಪೆಟ್ರೋಲ್ ಅಂಬಾಸಿಡರಿಗೆ 0.35ರಿಂದ 0.40 ಮಿಲಿಮೀಟರ್ ಇಡಬೇಕು. ಸಂದು ಬದಲಾದರೆ ಟೈಮಿಂಗೂ ಬದಲಾಗುವುದರಿಂದ ಈ ಕ್ರಮ ತಪ್ಪಿಸಬೇಡಿ.

ಆಮೇಲೆ ರೇಡಿಯೇಟರ್ ಕಡೆಯ ಒಂದನೇ ಪ್ಲಗ್ಗಿನ ತೂತಿಗೆ ಒಬ್ಬರು ಹೆಬ್ಬೆರಳು ಒತ್ತಿ ಹಿಡಿಯಲಿ, ಇನ್ನೊಬ್ಬರು ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಲಿ. ಗಾಳಿ ಬೆರಳನ್ನು ತಳ್ಳಿದರೆ ಪಿಸ್ಟನ್ ಬೇಕಾದ ಸರದಿಯಲ್ಲೇ ಏರುತ್ತಿದೆ. ಫ್ಯಾನಿನ ಕೆಳಗಿನ ಪುಲ್ಲಿಯ ಅಂಚಿನಲ್ಲೊಂದು ಗೀರು ಇದೆ. ನಿಮ್ಮ ಗಾಡಿಯ ಪುಸ್ತಕ ಹೇಳುವ ಡಿಗ್ರಿಯ ಗುರುತಿಗೆ ಅದು ಸರಿಯಾಗಿ ಬಂದಾಗ ನಿಲ್ಲಿಸಿ. ರೋಟರ್ ಒಂದನೇ ಪ್ಲಗ್ಗಿನ ವಯರಿನತ್ತ ಮುಖ ಮಾಡಿರಬೇಕು.

ಈಗ 12 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ವಯರು. ಒಂದನ್ನು ಡಿಸ್ಟ್ರಿಬ್ಯೂಟರಿಗೆ ಕಾಯಿಲ್‌ನಿಂದ ಬರುವ ಸಣ್ಣ ವಯರಿನ ತಿರುಪಿಗೆ, ಇನ್ನೊಂದನ್ನು ಎಂಜಿನ್ನಿನ ಬೋಳು ಕಬ್ಬಿಣಕ್ಕೆ ಹಿಡಿಯಿರಿ. ಬೀಗದ ಕೈ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಡಿಸ್ಟ್ರಿಬ್ಯೂಟರಿನ ಬುಡದ ಬೋಲ್ಟನ್ನು ಪಾನಾದಿಂದ ತುಸು ಸಡಿಲಿಸಿ, ರೋಟರ್ ತಿರುಗುವ ದಿಕ್ಕಿಗೇ ಅದನ್ನು ತಿರುಗಿಸಿದರೆ ಬಲ್ಬು ಆರುತ್ತದೆ. ನಂತರ ಎದುರು ದಿಕ್ಕಿಗೆ ಕೂದಲೆಳೆಯಷ್ಟು, ಕೂದಲೆಳೆಯಷ್ಟು ತಿರುಗಿಸಿ. ಬಲ್ಬು ಪಕ್ಕನೆ ಹತ್ತಿದ ಜಾಗವೇ ಕಿಡಿಯ ಜಾಗ! ಅಲ್ಲೇ ಬೋಲ್ಟು ಬಿಗಿಯಿರಿ, ಬೀಗದ ಕೈ ಆರಿಸಿ. ಹೆಚ್ಚು ಹೊತ್ತು ಬಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ.

ಪ್ಲಗ್ಗು, ವಯರು ಮೊದಲಿನಂತೆ ಜೋಡಿಸಿ, ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ಹೋಗುತ್ತಾ ಆಕ್ಸಿಲರೇಟರ್ ಒತ್ತಿ ನೋಡಿ. ಒಂದೆರಡು ಟಣ್ ಎಂದು ನಿಂತರೆ ಚಿಂತೆಯಿಲ್ಲ. ನಿಲ್ಲದಿದ್ದರೆ ಡಿಸ್ಟ್ರಿಬ್ಯೂಟರನ್ನು ರೋಟರಿನ ದಿಕ್ಕಿಗೆ ಒಂದಿಷ್ಟೇ ಹಿಂದೆ ತನ್ನಿ. ಇದೆಲ್ಲ ಪಾಯಿಂಟ್ ಇರುವ ಹಳೆಯ ಗಾಡಿಗಳ ಮಾತು. ಈಗಿನ ಕಾರುಗಳಲ್ಲಿ ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅಂಬಾಸಿಡರಿನ ತಯಾರಿಕೆಯೂ 2014ರಲ್ಲೇ ನಿಂತಿತು.

ನಮಗೆ ಖರ್ಚಾದದ್ದು ಹೊಸ ಪಾಯಿಂಟು, ಒಂದು ಬಲ್ಬು. ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಹೊರಟಾಗ ಅತ್ತೆಯವರು ಮುಂದಿನ ಸೀಟಿನಲ್ಲಿ ಕುಳಿತು, ಕಾಯಿ, ಕರ್ಪೂರ ಎಣಿಸಿಕೊಂಡು ಕೇಳಿದರು: “ಆ ಬಲ್ಬು ಇಟ್ಕೊಂಡಿಯೇನವ್ವಾ?”