ವಿಹಾರನೌಕೆಗಳಲ್ಲಿ ಹವಾನಿಯಂತ್ರಣ ಮತ್ತು ಶೈತ್ಯೀಕರಣ

ವಿಹಾರನೌಕೆಗಳಲ್ಲಿ ಹವಾನಿಯಂತ್ರಣ ಮತ್ತು ಶೈತ್ಯೀಕರಣ ಎಂದರೆ ಯಾಟ್ ಎಂದು ಕರೆಯಲಾಗುವ ನೌಕೆಗಳ ಕೋಣೆಗಳನ್ನು ತಂಪಾಗಿರಿಸುವ ಹಾಗೂ ಆಹಾರ ಪದಾರ್ಥಗಳನ್ನು ಕೆಡದಂತೆ ಕಾಪಾಡುವ ಯಂತ್ರವ್ಯವಸ್ಥೆ. ಮೂಲತತ್ತ್ವದಲ್ಲಿ ಇದು ಮನೆಯ ಎಸಿ ಮತ್ತು ಫ್ರಿಜ್‌ಗಿಂತ ಭಿನ್ನವಲ್ಲ. ವ್ಯತ್ಯಾಸವಿರುವುದು ಎರಡು ಅಂಶಗಳಲ್ಲಿ: ನೌಕೆಯ ಎಸಿ ಹೊರಹಾಕುವ ಶಾಖವು ಸಾಮಾನ್ಯವಾಗಿ ಗಾಳಿಗೆ ಬದಲು ಸಮುದ್ರದ ನೀರಿಗೆ ಸೇರುತ್ತದೆ, ದಡದಿಂದ ದೂರವಿರುವಾಗ ವಿದ್ಯುತ್ತನ್ನು ನೌಕೆಯೇ ಉತ್ಪಾದಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ತಂಪು ಕಡಿಮೆಯಾದಾಗ ಶೀತಕ ಅನಿಲವನ್ನು ತುಂಬಿಸುವ ಮೊದಲು ನೀರಿನ ಹರಿವನ್ನೂ ವಿದ್ಯುತ್ ಪೂರೈಕೆಯನ್ನೂ ಪರಿಶೀಲಿಸುವುದು ರೂಢಿ.

ಕಾರ್ಯವಿಧಾನ

ಕಂಪ್ರೆಸರ್ ಶೀತಕ ಅನಿಲವನ್ನು ಒತ್ತಿ ಬಿಸಿಗೊಳಿಸುತ್ತದೆ. ಕಂಡೆನ್ಸರ್‌ನಲ್ಲಿ ಆ ಅನಿಲವು ಶಾಖವನ್ನು ಬಿಟ್ಟುಕೊಟ್ಟು ದ್ರವವಾಗುತ್ತದೆ. ಬಳಿಕ ಒತ್ತಡ ತಗ್ಗಿದಾಗ ಇವಾಪೊರೇಟರ್ ಸುರುಳಿಯಲ್ಲಿ ಆವಿಯಾಗಿ ಕೋಣೆಯ ಶಾಖವನ್ನು ಹೀರಿಕೊಳ್ಳುತ್ತದೆ. ಚಿಕ್ಕ ನೌಕೆಗಳಲ್ಲಿ ಈ ಎಲ್ಲ ಭಾಗಗಳೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ದೊಡ್ಡ ನೌಕೆಗಳಲ್ಲಿ ಒಂದೆಡೆ ತಂಪಾಗಿಸಿದ ನೀರನ್ನು ಕೊಳವೆಗಳ ಮೂಲಕ ಪ್ರತಿ ಕೋಣೆಗೂ ಹರಿಸಲಾಗುತ್ತದೆ. ಸಾಮರ್ಥ್ಯವನ್ನು ಬಿಟಿಯು ಮಾನದಲ್ಲಿ ಸೂಚಿಸುವುದುಂಟು. ಗಂಟೆಗೆ 12,000 ಬಿಟಿಯು ಎಂದರೆ ಒಂದು ಟನ್, ಅಂದರೆ ಸುಮಾರು 3.5 ಕಿಲೋವ್ಯಾಟ್.

ಸಮುದ್ರನೀರಿನ ಮಾರ್ಗ

ನೀರು ನೌಕೆಯ ತಳದಲ್ಲಿರುವ ಕವಾಟದಿಂದ ಒಳಬಂದು, ಜಾಲರಿ ಶೋಧಕ ಮತ್ತು ಪಂಪನ್ನು ದಾಟಿ, ಕಂಡೆನ್ಸರ್‌ನ ತಾಮ್ರ-ನಿಕಲ್ ಕೊಳವೆಯಲ್ಲಿ ಹರಿದು, ಪಕ್ಕದ ರಂಧ್ರದಿಂದ ಹೊರಬೀಳುತ್ತದೆ. ಇಲ್ಲಿ ಸಾಮಾನ್ಯವಾಗಿ ಬಳಸುವ ಕೇಂದ್ರಾಪಗಾಮಿ ಪಂಪು ಗಾಳಿಯನ್ನು ಎಳೆದುಹಾಕಲಾರದು. ಆದಕಾರಣ ಅದನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಅಳವಡಿಸಬೇಕು; ಕೊಳವೆಯು ಎಲ್ಲಿಯೂ ಬಾಗಿ ಇಳಿಯದೆ ಕಂಡೆನ್ಸರ್‌ವರೆಗೆ ಏರುತ್ತಲೇ ಹೋಗಬೇಕು. ಇಲ್ಲವಾದರೆ ಬಾಗಿದ ಕಡೆ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ.

ಹರಿವು ಕುಂದಿದಾಗ ಕಂಡೆನ್ಸರ್‌ನ ಒತ್ತಡವು ಏರಿ, ಅಧಿಕ ಒತ್ತಡದ ಸುರಕ್ಷಾ ಸ್ವಿಚ್ಚು ಯಂತ್ರವನ್ನು ನಿಲ್ಲಿಸುತ್ತದೆ. ಆಗ ಹೊರಬೀಳುವ ನೀರಿನ ಧಾರೆ, ಶೋಧಕ, ಕವಾಟ ಮತ್ತು ಪಂಪನ್ನು ಕ್ರಮವಾಗಿ ನೋಡಬೇಕು. ಪಾಚಿ, ಪ್ಲಾಸ್ಟಿಕ್ ಚೂರು, ಲೋಳೆಮೀನುಗಳು ಶೋಧಕವನ್ನು ಕಟ್ಟಬಲ್ಲವು. ಕೊಳವೆಯೊಳಗೆ ಬೆಳೆಯುವ ಚಿಪ್ಪುಜೀವಿಗಳು ಮತ್ತು ಸುಣ್ಣದ ಪೊರೆಯನ್ನು ತಯಾರಕರು ಸೂಚಿಸಿದ ದುರ್ಬಲ ಆಮ್ಲದ್ರಾವಣ ಹರಿಸಿ ತೆಗೆಯಲಾಗುತ್ತದೆ.

ಆಹಾರದ ಶೈತ್ಯೀಕರಣ

ಚಿಕ್ಕ ನೌಕೆಗಳ ಫ್ರಿಜ್ ಸಾಮಾನ್ಯವಾಗಿ 12 ಅಥವಾ 24 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತದೆ. ಉದಾಹರಣೆಗೆ, 5 ಆಂಪಿಯರ್ ಎಳೆಯುವ ಕಂಪ್ರೆಸರ್ ದಿನದ ಅರ್ಧ ಹೊತ್ತು ಓಡಿದರೆ 60 ಆಂಪಿಯರ್-ಗಂಟೆ ವ್ಯಯವಾಗುತ್ತದೆ. ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದಾಗಿಸಬಾರದೆಂಬ ರೂಢಿಯಂತೆ, 200 ಆಂಪಿಯರ್-ಗಂಟೆಯ ಬ್ಯಾಟರಿಯ ಬಳಸಬಹುದಾದ ಶಕ್ತಿಯಲ್ಲಿ ಇದು ಶೇ. 60ರಷ್ಟು. ಈ ಕಾರಣದಿಂದ ಹೊಸ ಯಂತ್ರವನ್ನು ಕೊಳ್ಳುವುದಕ್ಕಿಂತ ಪೆಟ್ಟಿಗೆಯ ಶಾಖನಿರೋಧಕ ಹೊದಿಕೆಯನ್ನು ದಪ್ಪಗೊಳಿಸುವುದು ಹಲವು ವೇಳೆ ಹೆಚ್ಚು ಫಲಕಾರಿ. ತಣ್ಣನೆಯ ಗಾಳಿ ಕೆಳಗಿಳಿಯುವುದರಿಂದ, ಮೇಲಿನಿಂದ ತೆರೆಯುವ ಪೆಟ್ಟಿಗೆಯು ತಂಪನ್ನು ಚೆನ್ನಾಗಿ ಹಿಡಿದಿಡುತ್ತದೆ.

ಗಾಳಿಯಿಂದ ತಂಪಾಗುವ ಕಂಡೆನ್ಸರ್‌ನ ಸುತ್ತ ಸಾಮಾನು ತುರುಕಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಬೇಕಾಗುತ್ತದೆ. ತಂತಿ ತೆಳುವಾಗಿದ್ದರೆ ವೋಲ್ಟೇಜ್ ಕುಸಿದು ಅದು ಪ್ರಾರಂಭವಾಗದೆಯೂ ಇರಬಹುದು. ಕೆಲವು ನೌಕೆಗಳಲ್ಲಿ ಲವಣದ್ರಾವಣ ತುಂಬಿದ ಶೀತ ಫಲಕಗಳಿರುತ್ತವೆ. ಎಂಜಿನ್ ಓಡುವಾಗ ಹೆಪ್ಪುಗಟ್ಟುವ ಈ ದ್ರಾವಣವು ಮುಂದೆ ಹಲವು ಗಂಟೆ ನಿಧಾನವಾಗಿ ಕರಗುತ್ತ ತಂಪು ನೀಡುತ್ತದೆ.

ನಿರ್ವಹಣೆ

ಗಾಳಿಯ ಶೋಧಕ ಮತ್ತು ನೀರಿನ ಶೋಧಕವನ್ನು ನಿಯತವಾಗಿ ತೊಳೆಯಬೇಕು. ಇವಾಪೊರೇಟರ್ ಮೇಲೆ ಹಿಮ ದಪ್ಪಗಟ್ಟಿದಾಗ ಯಂತ್ರ ನಿಲ್ಲಿಸಿ ಅದನ್ನು ಕರಗಿಸಬೇಕು. ಚಾಕುವಿನಿಂದ ಕೆರೆದರೆ ಸುರುಳಿ ತೂತಾಗುವ ಅಪಾಯವಿದೆ. ನಿಲ್ಲಿಸಿದ ಎಸಿಯನ್ನು ಮತ್ತೆ ನಡೆಸುವ ಮೊದಲು ಒತ್ತಡ ಸಮವಾಗಲು ಕೆಲವು ನಿಮಿಷ ಕಾಯಬೇಕು. ಶೀತ ಪ್ರದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ ಕೊಳವೆಗಳ ನೀರನ್ನು ಪೂರ್ಣವಾಗಿ ಬಸಿಯಲಾಗುತ್ತದೆ. ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕಂಡೆನ್ಸರ್ ಒಡೆಯಬಹುದು.

ಸುರಕ್ಷತೆ

ಇವಾಪೊರೇಟರ್‌ನಿಂದ ತೊಟ್ಟಿಕ್ಕುವ ನೀರಿನ ಕೊಳವೆಯ ತುದಿಯನ್ನು ಎಂಜಿನ್ ಅಥವಾ ಜನರೇಟರ್ ಇರುವ ಕೋಣೆಯಲ್ಲಿ ಇಲ್ಲವೆ ಅವುಗಳ ಹೊಗೆಕೊಳವೆಯ ಬಳಿ ಬಿಡಬಾರದು. ಎಸಿಯ ಫ್ಯಾನು ಗಾಳಿಯನ್ನು ಸೆಳೆಯುವಾಗ ಅದೇ ಕೊಳವೆಯ ಮೂಲಕ ಕಾರ್ಬನ್ ಮಾನಾಕ್ಸೈಡ್ ಮಲಗುವ ಕೋಣೆಗೆ ನುಗ್ಗಬಹುದು. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದಿರುವುದರಿಂದ ನಿದ್ರಿಸುತ್ತಿರುವವರಿಗೆ ಅಪಾಯದ ಅರಿವಾಗುವುದಿಲ್ಲ. ಮಲಗುವ ಕೋಣೆಗಳಲ್ಲಿ ಅದರ ಪತ್ತೆ ಸಾಧನವನ್ನು ಅಳವಡಿಸುವುದು ಅಗತ್ಯ.

ನೀರಿನ ಕೊಳವೆಯನ್ನು ಬಿಚ್ಚುವ ಮೊದಲು ತಳದ ಕವಾಟವನ್ನು ಮುಚ್ಚದಿದ್ದರೆ ಸಮುದ್ರದ ನೀರು ನೌಕೆಯೊಳಗೆ ನುಗ್ಗುತ್ತದೆ. ಶೀತಕವನ್ನು ಗಾಳಿಗೆ ಬಿಡುವುದೂ ಸಲ್ಲದು. ಹಳೆಯ ಯಂತ್ರಗಳ ಆರ್-22 ಓಜೋನ್ ಪದರಕ್ಕೆ ಹಾನಿಕರವಾದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ವ್ಯಾಪ್ತಿಗೆ ಸೇರಿದೆ. ನಂತರ ಬಳಕೆಗೆ ಬಂದ ಆರ್-410ಎ ಮತ್ತು ಆರ್-134ಎ ಓಜೋನ್ ಪದರವನ್ನು ಕೆಡಿಸದಿದ್ದರೂ ಭೂತಾಪಮಾನವನ್ನು ಹೆಚ್ಚಿಸುತ್ತವೆ. ಇಂತಹ ಶೀತಕಗಳನ್ನು ಹಂತಹಂತವಾಗಿ ತಗ್ಗಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿಯನ್ನು ಅಂಗೀಕರಿಸಲಾಯಿತು.