ಹಳೆಯ ಫೋಟೋ ಸಿ.ಡಿ.ಗಳಲ್ಲಿನ ಚಿತ್ರಗಳನ್ನು ತೆರೆಯುವ ಬಗೆ

ಮುಂಬಯಿ ಮಹಾನಗರಕ್ಕೂ ಛಾಯಾಚಿತ್ರ ಕಲೆಗೂ ಇರುವ ನಂಟು ಬಹು ಹಳೆಯದು. ಬೊಂಬಾಯಿ ಛಾಯಾಚಿತ್ರ ಸಂಘವು ಸ್ಥಾಪನೆಗೊಂಡದ್ದು 1854ರಲ್ಲಿ. ಅದರ ಆರಂಭದ ಸದಸ್ಯರಲ್ಲಿ ಒಬ್ಬರಾದ ವಿಲಿಯಂ ಜಾನ್ಸನ್ ನಗರದಲ್ಲಿ ನೆಲೆಸಿದ್ದ ವಿವಿಧ ಸಮುದಾಯಗಳ ಜನರ ಚಿತ್ರಗಳನ್ನು ತೆಗೆದು, 1863 ಮತ್ತು 1866ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು. ಆ ಸಂಪುಟಗಳ ಪ್ರತಿಗಳು ಇಂದಿಗೂ ಸಂಗ್ರಹಾಲಯಗಳಲ್ಲಿ ಉಳಿದಿವೆ. ಅವುಗಳನ್ನು ನೋಡಲು ಕಣ್ಣು ಮತ್ತು ಬೆಳಕು ಇವೆರಡರ ಹೊರತು ಬೇರಾವ ಸಾಧನವೂ ಬೇಕಾಗಿಲ್ಲ. ಆದರೆ ಇದೇ ನಗರದ ಮನೆಯೊಂದರ ಕಪಾಟಿನಲ್ಲಿರುವ 1994ರ ಮದುವೆಯ ಚಿತ್ರಗಳು ಸಿ.ಡಿ. ತಟ್ಟೆಯೊಂದರಲ್ಲಿ ಇದ್ದರೆ, ಅವುಗಳನ್ನು ನೋಡುವುದು ಅಷ್ಟು ಸುಲಭವಲ್ಲ. ತಟ್ಟೆ ಕೆಡದೆ ಇರಬಹುದು, ಅದರ ಮೇಲಿನ ಕಡತಗಳೂ ಎಣಿಕೆಗೆ ಸಿಗಬಹುದು. ಹಾಗಿದ್ದೂ ಇಂದಿನ ಗಣಕಯಂತ್ರವು ಅವುಗಳನ್ನು ತೆರೆಯಲಾಗದೆಂದು ತಿಳಿಸಿ ಸುಮ್ಮನಾಗುತ್ತದೆ.

ಇದಕ್ಕೆ ಕಾರಣವನ್ನು ಅರಿಯಬೇಕಾದರೆ, ಗಣಕಯಂತ್ರದಲ್ಲಿರುವ ಚಿತ್ರದ ಸ್ವರೂಪವನ್ನು ಮೊದಲು ತಿಳಿಯಬೇಕು. ಕಡತದಲ್ಲಿ ಇರುವುದು ಚಿತ್ರವಲ್ಲ, ಸಂಖ್ಯೆಗಳ ಒಂದು ದೀರ್ಘ ಸಾಲು. ಯಾವ ಸಂಖ್ಯೆ ಬೆಳಕನ್ನು ಸೂಚಿಸುತ್ತದೆ, ಯಾವುದು ಬಣ್ಣವನ್ನು ಸೂಚಿಸುತ್ತದೆ, ಒಂದು ಸಾಲು ಎಲ್ಲಿ ಮುಗಿದು ಮುಂದಿನದು ಎಲ್ಲಿ ಆರಂಭವಾಗುತ್ತದೆ ಎಂಬ ಒಪ್ಪಂದಕ್ಕೆ ಕಡತದ ವಿನ್ಯಾಸವೆಂದು ಹೆಸರು. ಈ ಒಪ್ಪಂದವನ್ನು ಬಲ್ಲ ತಂತ್ರಾಂಶ ಇದ್ದರೆ ಮಾತ್ರ ಸಂಖ್ಯೆಗಳು ಮತ್ತೆ ಮುಖಗಳಾಗಿ, ಮಂಟಪವಾಗಿ, ಸಮುದ್ರತೀರವಾಗಿ ಕಾಣಿಸಿಕೊಳ್ಳುತ್ತವೆ.

ಫೋಟೋ ಸಿ.ಡಿ. ಎಂದರೇನು?

ಕೊಡಕ್ ಸಂಸ್ಥೆಯು ಫಿಲಿಪ್ಸ್ ಸಂಸ್ಥೆಯ ಸಹಯೋಗದಲ್ಲಿ ಫೋಟೋ ಸಿ.ಡಿ. ಪದ್ಧತಿಯನ್ನು ರೂಪಿಸಿ, 1990ರಲ್ಲಿ ಪ್ರಕಟಿಸಿ, 1992ರಲ್ಲಿ ಮಾರುಕಟ್ಟೆಗೆ ತಂದಿತು. ಅಂಕೀಯ ಕ್ಯಾಮೆರಾ ಇನ್ನೂ ಜನಸಾಮಾನ್ಯರ ಕೈಗೆ ಬಂದಿರದ ಕಾಲವದು. ಎಂದಿನಂತೆ 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರ ತೆಗೆದು, ಅದನ್ನು ಸಂಸ್ಕರಣಾಲಯಕ್ಕೆ ಕೊಟ್ಟರೆ, ಅಲ್ಲಿನ ವಿಶೇಷ ಯಂತ್ರವು ನೆಗೆಟಿವ್‌ನ ಪ್ರತಿಯೊಂದು ಚೌಕಟ್ಟನ್ನೂ ಓದಿ ಹೊಂಬಣ್ಣದ ಸಿ.ಡಿ. ತಟ್ಟೆಯ ಮೇಲೆ ಬರೆದುಕೊಡುತ್ತಿತ್ತು. ಒಂದು ತಟ್ಟೆಯಲ್ಲಿ ಸುಮಾರು 100 ಚಿತ್ರಗಳಿಗೆ ಅವಕಾಶವಿತ್ತು. ಅದೇ ತಟ್ಟೆಯನ್ನು ಇನ್ನೊಮ್ಮೆ ಕೊಂಡೊಯ್ದು ಹೊಸ ಚಿತ್ರಗಳನ್ನು ಸೇರಿಸಿಕೊಳ್ಳುವುದೂ ಸಾಧ್ಯವಿತ್ತು. ಮನೆಯವರೆಲ್ಲ ದೂರದರ್ಶನದ ಪರದೆಯ ಮುಂದೆ ಕುಳಿತು ಚಿತ್ರಗಳನ್ನು ನೋಡುವರೆಂಬುದು ತಯಾರಕರ ನಿರೀಕ್ಷೆಯಾಗಿತ್ತು. ಆ ನಿರೀಕ್ಷೆ ಹೆಚ್ಚಾಗಿ ಕೈಗೂಡಲಿಲ್ಲ. ಆದರೆ ಮುದ್ರಣ ಮತ್ತು ಜಾಹೀರಾತು ಕ್ಷೇತ್ರದವರು ಈ ಪದ್ಧತಿಯ ಗುಣಮಟ್ಟವನ್ನು ಮೆಚ್ಚಿ ಬಳಸತೊಡಗಿದರು. ಕೋರೆಲ್ ಸಂಸ್ಥೆ ಮಾರುತ್ತಿದ್ದ ಸಿದ್ಧ ಛಾಯಾಚಿತ್ರಗಳ ಸಿ.ಡಿ. ಸಂಗ್ರಹಗಳು ಕೂಡ ಇದೇ ವಿನ್ಯಾಸದಲ್ಲಿ ಇದ್ದವು.

ಆದುದರಿಂದ ಮುಂಬಯಿಯಲ್ಲಿ ಇಂಥ ತಟ್ಟೆಗಳು ಎರಡು ಬಗೆಯ ಸ್ಥಳಗಳಲ್ಲಿ ದೊರೆಯುವ ಸಂಭವ ಹೆಚ್ಚು. ಒಂದು, ಹಳೆಯ ಮುದ್ರಣಾಲಯ ಮತ್ತು ವಿನ್ಯಾಸ ಕಚೇರಿಗಳ ಕಪಾಟುಗಳು. ಇನ್ನೊಂದು, ಹೊರದೇಶದಲ್ಲಿದ್ದ ಬಂಧುಗಳು ಆ ಕಾಲದಲ್ಲಿ ಚಿತ್ರಗಳನ್ನು ಹೀಗೆ ಬರೆಸಿ ಕಳುಹಿಸಿದ ಮನೆಗಳು. 1926ರಲ್ಲಿ ಆರಂಭವಾದ ಮಾಟುಂಗದ ಮೈಸೂರು ಅಸೋಸಿಯೇಷನ್ ಮೊದಲ್ಗೊಂಡು ಉಪನಗರಗಳ ಚಿಕ್ಕ ಸಂಘಗಳವರೆಗೆ, ನಗರದ ಕನ್ನಡಿಗರ ಸಾರ್ವಜನಿಕ ಜೀವನ ದೀರ್ಘವಾದುದು. ನಾಟಕ, ಯಕ್ಷಗಾನ, ನಾಡಹಬ್ಬ, ಸನ್ಮಾನ ಸಮಾರಂಭಗಳ ಸಾಕ್ಷ್ಯವು ಬಹುಮಟ್ಟಿಗೆ ಛಾಯಾಚಿತ್ರಗಳಲ್ಲಿಯೇ ಇರುವುದರಿಂದ, ಸಂಘಗಳ ಪದಾಧಿಕಾರಿಗಳೂ ತಮ್ಮ ಹಳೆಯ ಪೆಟ್ಟಿಗೆಗಳನ್ನು ಒಮ್ಮೆ ಪರಿಶೀಲಿಸುವುದು ಯುಕ್ತ.

ಉತ್ತಮವಾದುದು ಏಕೆ ಅಳಿಯಿತು?

ಗುಣಮಟ್ಟದ ದೃಷ್ಟಿಯಿಂದ ಫೋಟೋ ಸಿ.ಡಿ. ತನ್ನ ಕಾಲಕ್ಕಿಂತ ಮುಂದಿತ್ತು ಎಂದರೆ ತಪ್ಪಾಗದು. ಹಾಗಾದರೆ ಅದು ಬಳಕೆಯಿಂದ ಮರೆಯಾದದ್ದೇಕೆ? 1992ರಲ್ಲಿಯೇ ಇನ್ನೆರಡು ಘಟನೆಗಳು ನಡೆದವು. ಜೆಪೆಗ್ ವಿನ್ಯಾಸವು ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕಾರ ಪಡೆಯಿತು. ಟಿಫ್ ವಿನ್ಯಾಸದ ಆರನೆಯ ಆವೃತ್ತಿಯ ವಿವರಗಳು ಪ್ರಕಟವಾದವು. ಈ ಎರಡರ ನಿಯಮಗಳನ್ನೂ ಯಾರು ಬೇಕಾದರೂ ಓದಿ ತಮ್ಮ ತಂತ್ರಾಂಶದಲ್ಲಿ ಅಳವಡಿಸಬಹುದಿತ್ತು. ಫೋಟೋ ಸಿ.ಡಿ.ಯ ಒಳವಿವರಗಳನ್ನು ಕೊಡಕ್ ಸಂಸ್ಥೆ ಸಾರ್ವಜನಿಕರಿಗೆ ತೆರೆದಿಡಲಿಲ್ಲ. ಜೆಪೆಗ್ ಇಂದು ಪ್ರತಿಯೊಂದು ದೂರವಾಣಿಯಲ್ಲಿಯೂ ಇದೆ. ಫೋಟೋ ಸಿ.ಡಿ.ಯ ಬಳಕೆ ಹೊಸ ಶತಮಾನದ ಮೊದಲ ವರ್ಷಗಳಲ್ಲಿಯೇ ಬಹುಮಟ್ಟಿಗೆ ನಿಂತುಹೋಯಿತು. ಪ್ರಸಿದ್ಧ ಚಿತ್ರ ಸಂಸ್ಕರಣ ತಂತ್ರಾಂಶಗಳು ಹಿಂದೆ ಒದಗಿಸುತ್ತಿದ್ದ ಸೌಲಭ್ಯವನ್ನು ಒಂದೊಂದಾಗಿ ಕೈಬಿಟ್ಟವು. 2012ರ ಜನವರಿಯಲ್ಲಿ ಕೊಡಕ್ ಸಂಸ್ಥೆಯೇ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಬೇಕಾಯಿತು. ಮರುವರ್ಷ ಅದು ಚೇತರಿಸಿಕೊಂಡಿತಾದರೂ, ಹಳೆಯ ವಿನ್ಯಾಸಕ್ಕೆ ಮರುಜೀವ ಬರಲಿಲ್ಲ.

ಚಿತ್ರಗಳು ಇಂದಿಗೂ ತೆರೆಯಲು ಸಾಧ್ಯವಾಗಿರುವುದಕ್ಕೆ ಸಂಸ್ಥೆಗಿಂತ ಹೆಚ್ಚಾಗಿ ಆಸಕ್ತ ವ್ಯಕ್ತಿಗಳ ಶ್ರಮವೇ ಕಾರಣ. ಜರ್ಮನಿಯ ಹಾಡ್‌ಮುಟ್ ಡಾನಿಶ್ ಎಂಬವರು 1990ರ ದಶಕದ ಆರಂಭದಲ್ಲಿಯೇ ಕಡತಗಳನ್ನು ಪರೀಕ್ಷಿಸಿ, ಅವುಗಳ ಒಳರಚನೆಯನ್ನು ಊಹೆ ಮತ್ತು ಪ್ರಯೋಗಗಳಿಂದ ಕಂಡುಹಿಡಿದು, ಓದುವ ತಂತ್ರಾಂಶವನ್ನು ಬರೆದರು. ಅನಂತರ ಬಂದ ಅನೇಕ ಉಚಿತ ತಂತ್ರಾಂಶಗಳಿಗೆ ಈ ತಿಳುವಳಿಕೆಯೇ ದಾರಿ ತೋರಿತು.

ಮೊದಲು ನಕಲು, ಆಮೇಲೆ ಪರಿವರ್ತನೆ

ತಟ್ಟೆ ಕೈಗೆ ಸಿಕ್ಕೊಡನೆ ಚಿತ್ರಗಳನ್ನು ತೆರೆದು ನೋಡುವ ಆತುರ ಸಹಜ. ಆದರೆ ಮೊದಲು ಮಾಡಬೇಕಾದ ಕೆಲಸ ಬೇರೆ: ತಟ್ಟೆಯಲ್ಲಿರುವುದನ್ನೆಲ್ಲ ಇದ್ದಂತೆಯೇ ಗಣಕಯಂತ್ರಕ್ಕೆ ನಕಲು ಮಾಡಿಕೊಳ್ಳುವುದು. ಈಗಿನ ಮಡಿಲ ಗಣಕಗಳಲ್ಲಿ ಸಿ.ಡಿ. ಓದುವ ಸಾಧನ ಸಾಮಾನ್ಯವಾಗಿ ಇರುವುದಿಲ್ಲ. ಯು.ಎಸ್.ಬಿ. ತಂತಿಯಿಂದ ಜೋಡಿಸಬಹುದಾದ ಹೊರಸಾಧನಗಳು ಗ್ರಾಂಟ್ ರೋಡ್ ಸಮೀಪದ ಲ್ಯಾಮಿಂಗ್ಟನ್ ರಸ್ತೆಯಂಥ ಗಣಕ ಮಾರುಕಟ್ಟೆಗಳಲ್ಲಿ ದೊರೆಯುತ್ತವೆ. ತಟ್ಟೆಯ ಮೇಲೆ ಧೂಳಿದ್ದರೆ ಮೃದುವಾದ ಬಟ್ಟೆಯಿಂದ ಮಧ್ಯಭಾಗದಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು; ಸುತ್ತು ಸುತ್ತಾಗಿ ಉಜ್ಜಬಾರದು. ಹೊಳೆಯುವ ಬದಿಗಿಂತ ಹೆಸರು ಬರೆದಿರುವ ಬದಿಯೇ ಹೆಚ್ಚು ನಾಜೂಕಾದುದು ಎಂಬ ಸಂಗತಿ ಅನೇಕರಿಗೆ ತಿಳಿದಿಲ್ಲ. ಸಿ.ಡಿ.ಯಲ್ಲಿ ಮಾಹಿತಿಯ ಪದರವು ಆ ಬದಿಗೇ ಅಂಟಿಕೊಂಡಿರುತ್ತದೆ. ಅಲ್ಲಿ ಅಂಟಿಸಿದ ಚೀಟಿಯನ್ನು ಕಿತ್ತರೆ ಚಿತ್ರಗಳೂ ಅದರೊಂದಿಗೆ ಕಿತ್ತುಬರಬಹುದು.

ತಟ್ಟೆಯಲ್ಲಿ ಫೋಟೋ ಸಿ.ಡಿ. ಎಂಬ ಹೆಸರಿನ ಕೋಶವೊಂದಿದ್ದು, ಅದರೊಳಗೆ ಇಮೇಜಸ್ ಎಂಬ ಇನ್ನೊಂದು ಕೋಶವಿರುತ್ತದೆ. ಚಿತ್ರಗಳು ಅಲ್ಲಿ ಕ್ರಮಸಂಖ್ಯೆಯೊಂದಿಗೆ ಇರುತ್ತವೆ. ಕಡತಗಳ ಹೆಸರಿನ ಕೊನೆಗೆ ಪಿ.ಸಿ.ಡಿ. ಎಂಬ ಮೂರು ಅಕ್ಷರಗಳು ಕಂಡುಬರುತ್ತವೆ. ಒಂದೊಂದು ಕಡತದ ಗಾತ್ರ ಸಾಮಾನ್ಯವಾಗಿ ಮೂರರಿಂದ ಆರು ಮೆಗಾಬೈಟ್. ವೃತ್ತಿಪರರಿಗಾಗಿ ಮಾಡಿದ ತಟ್ಟೆಗಳಲ್ಲಿ ಇನ್ನೂ ದೊಡ್ಡ ಅಳತೆಯ ಮಾಹಿತಿಯನ್ನು ಪ್ರತ್ಯೇಕ ಕೋಶದಲ್ಲಿ ಇರಿಸಲಾಗುತ್ತಿತ್ತು. ಆದ್ದರಿಂದ ಕಡತಗಳನ್ನು ಆರಿಸಿ ತೆಗೆಯುವ ಬದಲು ಇಡೀ ತಟ್ಟೆಯನ್ನು ನಕಲಿಸುವುದೇ ಕ್ಷೇಮ. ಬಹಳ ಹಳೆಯ ಓದುವ ಸಾಧನ ಬಳಸಿದರೆ ಮೊದಲ ಸಲ ಬರೆಸಿದ ಚಿತ್ರಗಳಷ್ಟೇ ಕಾಣಿಸಿ, ಆಮೇಲೆ ಸೇರಿಸಿದವು ಕಾಣದೆ ಹೋಗಬಹುದು. ಈಚಿನ ಸಾಧನಗಳಲ್ಲಿ ಈ ತೊಂದರೆಯಿಲ್ಲ. ಒಂದು ಸಾಧನದಲ್ಲಿ ಓದಲು ಬಾರದ ತಟ್ಟೆ ಇನ್ನೊಂದರಲ್ಲಿ ಓದಲು ಬರುವುದುಂಟು. ಒಂದೆರಡು ಸಲ ವಿಫಲವಾದ ಮಾತ್ರಕ್ಕೆ ಅದನ್ನು ಬಿಸಾಡಬಾರದು.

ಗಮನಿಸಬೇಕಾದ ಮುಖ್ಯ ಅಂಶ

ಪಿ.ಸಿ.ಡಿ. ಕಡತವನ್ನು ಇರ್ಫಾನ್‌ವ್ಯೂ ತಂತ್ರಾಂಶವು ತನ್ನ ಹೆಚ್ಚುವರಿ ಜೋಡಣೆಯ ನೆರವಿನಿಂದ ತೆರೆಯುತ್ತದೆ. ಎಕ್ಸ್‌ಎನ್‌ವ್ಯೂ, ಇಮೇಜ್‌ಮ್ಯಾಜಿಕ್ ಮೊದಲಾದವುಗಳಿಗೂ ಈ ಶಕ್ತಿಯಿದೆ. ಖಾಸಗಿ ಬಳಕೆಗೆ ಇವೆಲ್ಲ ಉಚಿತ. ಚಿತ್ರ ಪರದೆಯ ಮೇಲೆ ಮೂಡಿತೆಂದ ಕೂಡಲೇ ಕೆಲಸ ಮುಗಿಯಿತೆಂದು ಭಾವಿಸುವುದು ಸ್ವಾಭಾವಿಕ. ನಷ್ಟವಾಗುವುದು ಇಲ್ಲಿಯೇ.

ಪ್ರತಿಯೊಂದು ಕಡತದಲ್ಲಿಯೂ ಒಂದೇ ಚಿತ್ರ ಐದು ಅಳತೆಗಳಲ್ಲಿ ಅಡಗಿದೆ. ಅತಿ ಚಿಕ್ಕದು 192 ಅಡ್ಡ, 128 ಉದ್ದದ ಬಿಂದುಗಳದು. ಮಧ್ಯದ ಅಳತೆಯಲ್ಲಿ 768 ಮತ್ತು 512 ಬಿಂದುಗಳಿವೆ. ಇದು ಅಂದಿನ ದೂರದರ್ಶನದ ಪರದೆಗೆ ತಕ್ಕುದಾಗಿತ್ತು. ಅತಿ ದೊಡ್ಡದರಲ್ಲಿ 3072 ಮತ್ತು 2048 ಬಿಂದುಗಳಿವೆ. ಮೊದಲ ಮೂರು ಅಳತೆಗಳನ್ನು ಪೂರ್ತಿಯಾಗಿ ಬರೆದಿಟ್ಟು, ಮೇಲಿನ ಎರಡಕ್ಕೆ ಚಿಕ್ಕ ಚಿತ್ರಕ್ಕೂ ದೊಡ್ಡ ಚಿತ್ರಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಸಂಕುಚಿತಗೊಳಿಸಿ ಸೇರಿಸಲಾಗಿದೆ. ಜಾಗ ಉಳಿಸುವ ಜಾಣ ಉಪಾಯವೇ ಸರಿ. ಇಲ್ಲವಾದರೆ ದೊಡ್ಡ ಚಿತ್ರ ಒಂದಕ್ಕೇ 18 ಮೆಗಾಬೈಟ್ ಬೇಕಾಗುತ್ತಿತ್ತು.

ಆದರೆ ಬೇರೆ ಆಯ್ಕೆ ಸೂಚಿಸದಿದ್ದರೆ ಹಲವು ತಂತ್ರಾಂಶಗಳು ಮಧ್ಯದ ಅಳತೆಯನ್ನೇ ತೆರೆಯುತ್ತವೆ. ಅದನ್ನೇ ಜೆಪೆಗ್ ಆಗಿ ಉಳಿಸಿಕೊಂಡು ಮೂಲ ತಟ್ಟೆಯನ್ನು ಎಸೆದವರಿಗೆ ಉಳಿಯುವುದು ಹದಿನಾರನೆಯ ಒಂದು ಪಾಲು ಮಾತ್ರ. ಉತ್ತಮ ಮುದ್ರಣದ ರೂಢಿಯಂತೆ ಅಂಗುಲಕ್ಕೆ 300 ಬಿಂದುಗಳ ಲೆಕ್ಕ ಹಿಡಿದರೆ, ದೊಡ್ಡ ಅಳತೆಯ ಚಿತ್ರವನ್ನು ಹತ್ತು ಅಂಗುಲ ಅಗಲಕ್ಕೆ ಅಚ್ಚು ಹಾಕಬಹುದು. ಮಧ್ಯದ ಅಳತೆಯದು ಎರಡೂವರೆ ಅಂಗುಲಕ್ಕೆ ನಿಲ್ಲುತ್ತದೆ. ದೂರವಾಣಿಯ ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುವುದರಿಂದ ಈ ನಷ್ಟ ಗಮನಕ್ಕೆ ಬರುವುದಿಲ್ಲ. ಗುಂಪುಚಿತ್ರದ ಹಿಂದಿನ ಸಾಲಿನಲ್ಲಿ ನಿಂತಿರುವ ಅಜ್ಜನ ಮುಖವನ್ನು ಹಿಗ್ಗಿಸಿ ನೋಡುವ ದಿನ ಅದು ಬಯಲಾಗುತ್ತದೆ. ಆದುದರಿಂದ ಪರಿವರ್ತನೆಗೆ ಮುನ್ನ ತಂತ್ರಾಂಶದ ಆಯ್ಕೆಗಳಲ್ಲಿ ಪಿ.ಸಿ.ಡಿ.ಗೆ ಸಂಬಂಧಿಸಿದ ಭಾಗವನ್ನು ಹುಡುಕಿ, 3072 ಬಿಂದುಗಳ ಅಳತೆಯನ್ನು ಗೊತ್ತುಪಡಿಸಿಕೊಳ್ಳಬೇಕು. ಪರಿವರ್ತಿಸಿದ ಮೊದಲ ಚಿತ್ರದ ಅಳತೆಯನ್ನು ಪರೀಕ್ಷಿಸಿದ ಮೇಲೆಯೇ ಉಳಿದವುಗಳಿಗೆ ಕೈಹಾಕಬೇಕು.

ಬಣ್ಣದ ವಿಷಯದಲ್ಲಿಯೂ ಎಚ್ಚರ ಬೇಕು. ಫಿಲ್ಮು ಹಿಡಿದಿಟ್ಟ ಅತಿ ಪ್ರಕಾಶಮಾನ ಭಾಗಗಳು ನಷ್ಟವಾಗದಂತೆ, ಸಾಮಾನ್ಯ ಬಿಳುಪಿಗಿಂತ ಹೆಚ್ಚಿನ ಬೆಳಕಿಗೂ ಫೋಟೋ ಸಿ.ಡಿ.ಯಲ್ಲಿ ಸ್ಥಾನ ಕೊಡಲಾಗಿತ್ತು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ತಂತ್ರಾಂಶದಲ್ಲಿ ಆ ಭಾಗಗಳೆಲ್ಲ ಒಂದೇ ಬಿಳಿಯಾಗಿಬಿಡುತ್ತವೆ. ಮದುಮಗಳ ಮುಡಿಯಲ್ಲಿನ ಮಲ್ಲಿಗೆ ದಂಡೆ ಎಸಳುಗಳಿಲ್ಲದ ಬಿಳಿಯ ಮುದ್ದೆಯಾಗಿ, ವರನ ಜರಿಪಂಚೆ ಮಡಿಕೆಗಳಿಲ್ಲದ ಹಾಳೆಯಾಗಿ ಕಂಡರೆ, ದೋಷ ಛಾಯಾಗ್ರಾಹಕನದೆಂದು ತೀರ್ಮಾನಿಸುವ ಅಗತ್ಯವಿಲ್ಲ. ಪಿ.ಸಿ.ಡಿ. ಟು ಜೆಪೆಗ್ ಎಂಬ ಉಚಿತ ತಂತ್ರಾಂಶವನ್ನು ಈ ಬಣ್ಣಗಳ ಸರಿಯಾದ ಪರಿವರ್ತನೆಯನ್ನು ಗಮನದಲ್ಲಿ ಇರಿಸಿಕೊಂಡೇ ರಚಿಸಲಾಗಿದೆ. ಅದನ್ನು ಆಜ್ಞೆಗಳನ್ನು ಬೆರಳಚ್ಚಿಸಿ ನಡೆಸಬೇಕಾಗುತ್ತದೆ. ಅಭ್ಯಾಸವಿಲ್ಲದವರು ಮನೆಯ ಕಿರಿಯರ ನೆರವು ಪಡೆಯಬಹುದು. ಅಪರಿಚಿತ ಅಂತರಜಾಲ ತಾಣಗಳಿಗೆ ಮನೆಯವರ ಚಿತ್ರಗಳನ್ನು ಕಳುಹಿಸಿ ಪರಿವರ್ತಿಸಿಕೊಳ್ಳುವುದು ಮಾತ್ರ ಸೂಕ್ತವಲ್ಲ. ಆ ಚಿತ್ರಗಳು ಯಾರ ಕೈ ಸೇರುವುವೆಂಬುದು ಕಳುಹಿಸಿದವರ ಹತೋಟಿಯಲ್ಲಿ ಉಳಿಯುವುದಿಲ್ಲ.

ಸಂಗ್ರಹಕ್ಕೆಂದು ಇಡುವ ಪ್ರತಿಯನ್ನು ಟಿಫ್ ವಿನ್ಯಾಸದಲ್ಲಿ ಉಳಿಸಿ, ಹಂಚುವುದಕ್ಕೆ ಜೆಪೆಗ್ ಬಳಸುವುದು ಉತ್ತಮ. ಪಿ.ಸಿ.ಡಿ. ಮೂಲಕಡತಗಳನ್ನೂ ಅಳಿಸದೆ ಇಟ್ಟುಕೊಳ್ಳಬೇಕು. ಮುಂದೆ ಇನ್ನೂ ಉತ್ತಮವಾದ ಪರಿವರ್ತಕ ಬಂದರೆ ಅವೇ ಬೇಕಾಗುತ್ತವೆ. ಕೊಡಕ್ ಸಂಸ್ಥೆಯದೇ ಆದ ಪಿಕ್ಚರ್ ಸಿ.ಡಿ. ಎಂಬ ಇನ್ನೊಂದು ಬಗೆಯ ತಟ್ಟೆಯನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅದರಲ್ಲಿರುವುದು ಜೆಪೆಗ್ ಕಡತಗಳಾದ್ದರಿಂದ ನಕಲು ಮಾಡಿಕೊಂಡರೆ ಸಾಕು.

ಮುಂಬಯಿಯ ಮಳೆ ಮತ್ತು ತಟ್ಟೆಗಳು

2005ರ ಜುಲೈ 26ರಂದು ಆರಂಭವಾದ ಮಳೆ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿಯಿತು. ಉಪನಗರಗಳ ನೆಲಅಂತಸ್ತಿನ ಅಸಂಖ್ಯ ಮನೆಗಳಿಗೆ ನೀರು ನುಗ್ಗಿತು. ನೀರಿನಲ್ಲಿ ನೆನೆದ ಆಲ್ಬಮ್ಮಿನ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೆಗೆಟಿವ್‌ಗಳ ಮೇಲಿನ ಪದರ ಉಬ್ಬಿ ಕಳಚುತ್ತದೆ. ಸಿ.ಡಿ. ತಟ್ಟೆಯಾದರೋ ಪ್ಲಾಸ್ಟಿಕ್ಕಿನದು, ಕೆಸರನ್ನು ಶುದ್ಧ ನೀರಿನಿಂದ ತೊಳೆದು ನೆರಳಿನಲ್ಲಿ ಒಣಗಿಸಿದರೆ ಅದು ಓದಲು ಬರುವ ಸಾಧ್ಯತೆಯುಂಟು. ಹಾಗಾಗಿ ಆ ವರ್ಷ ಆಲ್ಬಮ್ಮು, ನೆಗೆಟಿವ್ ಎರಡನ್ನೂ ಕಳೆದುಕೊಂಡ ಮನೆಯಲ್ಲಿ ಒಂದು ಹೊಂಬಣ್ಣದ ತಟ್ಟೆ ಉಳಿದಿದ್ದರೆ, ಆ ಸಮಾರಂಭದ ಏಕೈಕ ದಾಖಲೆ ಅದೇ ಆಗಿರಬಹುದು.

ನೆಗೆಟಿವ್‌ಗಳು ಸುರಕ್ಷಿತವಾಗಿ ಉಳಿದಿರುವವರ ಸ್ಥಿತಿ ಬೇರೆ. ಅವರು ಹಳೆಯ ಕಡತದೊಂದಿಗೆ ಹೆಣಗುವ ಬದಲು ನೆಗೆಟಿವ್‌ಗಳನ್ನೇ ಇಂದಿನ ಸಾಧನದಿಂದ ಮತ್ತೆ ಓದಿಸಿಕೊಳ್ಳಬಹುದು. ಫಲಿತಾಂಶವೂ ಹಲವು ವೇಳೆ ಮೇಲಾಗಿರುತ್ತದೆ.

ಪರಿವರ್ತಿಸಿದ ಚಿತ್ರಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಸಾಧನಗಳಲ್ಲಿ, ಸಾಧ್ಯವಾದರೆ ಒಂದನ್ನು ಬೇರೆ ಊರಿನಲ್ಲಿ, ಇಡಬೇಕು. ಕಡತಗಳಿಗೆ ಕ್ರಮಸಂಖ್ಯೆಯ ಜೊತೆಗೆ ವರ್ಷ, ಸ್ಥಳ ಮತ್ತು ಚಿತ್ರದಲ್ಲಿರುವವರ ಹೆಸರುಗಳನ್ನು ಕೊಡುವುದು ಉಪಯುಕ್ತ. ಈಗಿನ ಗಣಕಗಳಲ್ಲಿ ಈ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಮೂಲ ತಟ್ಟೆಯನ್ನು ಗಟ್ಟಿ ಡಬ್ಬಿಯಲ್ಲಿ ನೇರವಾಗಿ ನಿಲ್ಲಿಸಿ, ಬಿಸಿಲು ತಾಗದ, ನೆಲದಿಂದ ಎತ್ತರದ ಜಾಗದಲ್ಲಿ ಇರಿಸಬೇಕು. ಮಳೆಗಾಲದಲ್ಲಿ ನಗರದ ಗಾಳಿ ತೇವದಿಂದ ಕೂಡಿರುವುದರಿಂದ, ಹಳೆಯ ಪೆಟ್ಟಿಗೆಗಳನ್ನು ಬಿಚ್ಚಿ ಈ ಕೆಲಸವನ್ನು ಕೈಗೊಳ್ಳಲು ನವೆಂಬರಿನಿಂದ ಫೆಬ್ರವರಿಯವರೆಗಿನ ಒಣ ತಿಂಗಳುಗಳು ಅನುಕೂಲವಾದವು.