ಮುಪ್ಪಿನ ತಲೆಗೆ ಕಟ್ಟಿದ ಕಾಯಿಲೆಗಳು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ, ನಾಡಿನ ಬೇರೆಡೆಗಳಂತೆಯೇ, ‘ಅರವತ್ತಕ್ಕೆ ಅರಳುಮರಳು’ ಎಂಬುದು ಬರಿಯ ಗಾದೆಯಾಗಿ ಉಳಿಯದೆ ರೋಗನಿರ್ಣಯದ ಕೆಲಸವನ್ನೂ ಮಾಡುತ್ತದೆ. ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೂ, ಸೊಂಟ ಬಾಗಿದರೂ, ಕಿವಿ ಮಂದವಾದರೂ ವಯಸ್ಸೇ ಕಾರಣವೆಂದು ತೀರ್ಮಾನವಾಗಿಬಿಡುವುದರಿಂದ ಆಸ್ಪತ್ರೆಗೆ ಹೋಗುವ ಮಾತೇ ಏಳುವುದಿಲ್ಲ.

ಮಿದುಳಿನ ಕಾಯಿಲೆಗಳಿಂದಾಗಿ ನೆನಪು, ಮಾತು, ಲೆಕ್ಕಾಚಾರ, ದಿಕ್ಕಿನ ಅರಿವು ಕುಂದುತ್ತ ಬಂದು ದಿನನಿತ್ಯದ ಕೆಲಸಗಳೂ ಆಗದ ಹಂತ ತಲುಪುವ ಸ್ಥಿತಿಗೆ ಡಿಮೆನ್ಷಿಯಾ ಎನ್ನುತ್ತಾರೆ. ಇದು ವಯಸ್ಸಾದವರಿಗೆಲ್ಲ ಬರುವಂಥದ್ದಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದ್ದು, ಉಳಿದ ಶೇ 92ಕ್ಕೂ ಹೆಚ್ಚು ಮಂದಿಗೆ ಅದಿಲ್ಲ. ಅರವತ್ತರ ಗಡಿಗೂ ಈ ಕಾಯಿಲೆಗೂ ಕಡ್ಡಾಯದ ನಂಟಿಲ್ಲವೆಂಬುದಕ್ಕೆ ಚರಿತ್ರೆಯೂ ಸಾಕ್ಷಿ: ಡಿಮೆನ್ಷಿಯಾಕ್ಕೆ ಅತಿ ಸಾಮಾನ್ಯ ಕಾರಣವಾದ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದ್ದು ಯಾರ ಪ್ರಕರಣದಲ್ಲೋ ಆ ಮಹಿಳೆ 1901ರಲ್ಲಿ ಆಸ್ಪತ್ರೆ ಸೇರಿದಾಗ ಆಕೆಗೆ 51 ವರ್ಷ. ಕನ್ನಡಕ ಇಟ್ಟ ಜಾಗ ಮರೆತು ಆಮೇಲೆ ನೆನಪಿಸಿಕೊಳ್ಳುವುದು ಎಲ್ಲರಲ್ಲೂ ಇರುವಂಥದ್ದು. ಆದರೆ ನಲವತ್ತು ವರ್ಷ ಸಂತೆ ಮಾಡಿದ ಅಜ್ಜಿಗೆ ಐನೂರರ ನೋಟಿಗೆ ಚಿಲ್ಲರೆ ಎಣಿಸಲಾಗದಿದ್ದರೆ, ಹೊಲದಿಂದ ಮನೆಗೆ ಬರುವ ದಾರಿ ತಾತನಿಗೆ ತಪ್ಪಿದರೆ, ಅದನ್ನು ವೈದ್ಯರಿಗೆ ತೋರಿಸಲೇಬೇಕು.

‘ಒಮ್ಮೆ ಬಂದರೆ ಇದಕ್ಕೆ ಮದ್ದೇ ಇಲ್ಲ’ ಎಂಬುದು ಅರ್ಧಸತ್ಯ. ಆಲ್ಝೈಮರ್ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇಲ್ಲದಿರುವುದು ನಿಜವಾದರೂ, ಮರೆವಿಗೆ ಅದೊಂದೇ ಕಾರಣವಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಗ್ರಂಥಿಯ ನಿಧಾನಗತಿ, ಖಿನ್ನತೆ, ಬಿದ್ದ ಕೆಲ ವಾರಗಳ ನಂತರ ತಲೆಬುರುಡೆಯೊಳಗೆ ರಕ್ತ ಶೇಖರವಾಗಿ ಮಿದುಳನ್ನು ಒತ್ತುವುದು, ಇವೆಲ್ಲವೂ ಡಿಮೆನ್ಷಿಯಾದಂತೆಯೇ ತೋರುತ್ತವೆ, ಹಾಗೂ ಬೇಗ ಪತ್ತೆಯಾದರೆ ಬಹುಮಟ್ಟಿಗೆ ಸರಿಹೋಗುತ್ತವೆ. ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕೊರತೆಯ ಸಂಭವ ಹೆಚ್ಚಿರುವುದರಿಂದ ಅವರಿಗೆ ಈ ರಕ್ತಪರೀಕ್ಷೆ ಬೇಕೇ ಬೇಕು. ನಿನ್ನೆಯವರೆಗೆ ಸರಿಯಿದ್ದವರು ಒಂದೆರಡು ದಿನಗಳಲ್ಲಿ ಏನೇನೋ ಮಾತಾಡಿ ರಾತ್ರಿಯೆಲ್ಲ ಎದ್ದು ಕೂರುವಂತಾದರೆ, ಅದು ಡಿಮೆನ್ಷಿಯಾವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಮೂತ್ರದ ಸೋಂಕು, ನಿರ್ಜಲೀಕರಣ, ಸೋಡಿಯಂ ಇಳಿಕೆ ಅಥವಾ ಹೊಸದಾಗಿ ಶುರುವಾದ ಮಾತ್ರೆಯಿಂದ ಬರುವ ಈ ಸನ್ನಿಯನ್ನು ವೈದ್ಯಶಾಸ್ತ್ರ ಡೆಲಿರಿಯಂ ಎನ್ನುತ್ತದೆ. ತಾಯಿತ ಕಟ್ಟಿಸಿ ನಾಳೆ ನೋಡೋಣ ಎನ್ನುವಷ್ಟು ಪುರುಸೊತ್ತನ್ನು ಅದು ಕೊಡುವುದಿಲ್ಲ.

ಈ ಸೀಮೆಗೆ ವಿಶೇಷವಾದ ತಪ್ಪು ತಿಳಿವಳಿಕೆಯೊಂದು ಕೊಳವೆಬಾವಿಯ ನೀರಿಗೆ ಸಂಬಂಧಿಸಿದೆ. ಪಾವಗಡದಲ್ಲೂ ಮಧುಗಿರಿ, ಶಿರಾಗಳ ಹಲವು ಭಾಗಗಳಲ್ಲೂ ಗ್ರಾನೈಟ್ ಬಂಡೆಯ ಖನಿಜಗಳಿಂದ ಅಂತರ್ಜಲಕ್ಕೆ ಫ್ಲೋರೈಡ್ ಸೇರುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಮಿತಿಮೀರಿದ ಫ್ಲೋರೈಡ್ ಇರುವ ನೀರನ್ನು ದಶಕಗಳ ಕಾಲ ಕುಡಿದರೆ ಬೆನ್ನುಮೂಳೆ ಮತ್ತು ಕೀಲುಗಳ ಸುತ್ತಲಿನ ಕಟ್ಟುಗಳು ಗಡುಸಾಗಿ, ಕತ್ತು ತಿರುಗದಂತೆ, ಕೂತರೆ ಏಳಲಾಗದಂತೆ ಆಗುವ ಮೂಳೆ ಫ್ಲೋರೋಸಿಸ್ ಬರುತ್ತದೆ. ನರಗಳ ಮೇಲೆ ಒತ್ತಡ ಬಿದ್ದರೆ ಕಾಲುಗಳ ಬಲವೂ ಹೋಗಬಹುದು. ಇದನ್ನು ಮುಪ್ಪಿನ ಸೊಂಟನೋವು ಎಂದುಕೊಂಡು ನೋವಿನ ಮಾತ್ರೆ ನುಂಗುತ್ತ ಹೋದರೆ, ನೋವಿಗೆ ಕಾರಣವಾದ ನೀರನ್ನು ಕುಡಿಯುವುದು ನಿಲ್ಲುವುದಿಲ್ಲ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ನೀರು ಕಾಯಿಸಿ ಕುಡಿದರೆ ದೋಷ ಹೋಗುತ್ತದೆಂಬ ನಂಬಿಕೆಯಂತೂ ಪೂರ್ತಿ ತಲೆಕೆಳಗು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಮಾತ್ರ ಆವಿಯಾಗದೆ ಉಳಿದು, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಸರಿಯಾಗಿ ನಿರ್ವಹಿಸಿದ ಶುದ್ಧ ನೀರಿನ ಘಟಕ ಅಥವಾ ಮಳೆನೀರಿನ ಸಂಗ್ರಹ ಇದಕ್ಕಿರುವ ದಾರಿ.

ಮರೆವಿನ ಕಾಯಿಲೆ ಹಣೆಬರಹವೆಂಬ ಭಾವನೆಗೂ ಆಧಾರ ಸಾಲದು. ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ, ಕಿವುಡುತನ, ಕಣ್ಣು ಮಂಜಾಗುವುದು, ಒಂಟಿತನ, ವಾಯುಮಾಲಿನ್ಯ ಮೊದಲಾದ 14 ಅಪಾಯಕಾರಿ ಅಂಶಗಳನ್ನು ತಡೆಗಟ್ಟಿದರೆ ಜಗತ್ತಿನಲ್ಲಿ ಸುಮಾರು ಶೇ 45ರಷ್ಟು ಡಿಮೆನ್ಷಿಯಾ ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಅಂದಾಜಿಸಿದೆ. ಹೀಗಾಗಿ ತಲೆ ತಿರುಗುವುದು ನಿಂತಿತೆಂದು ಬಿ.ಪಿ. ಮಾತ್ರೆ ಬಿಡುವುದು, ಪೊರೆ ಇನ್ನೂ ಬಲಿಯಲಿ ಎಂದು ಶಸ್ತ್ರಚಿಕಿತ್ಸೆ ಮುಂದೂಡುವುದು ಮಿದುಳಿಗೂ ತೊಡಕೇ. ಇದೇ ಬಗೆಯ ಬಯಲುಸೀಮೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ನಡೆಸುತ್ತಿರುವ, ‘ಸ್ಯಾನ್ಸ್‌ಕಾಗ್’ ಎಂದು ಹೆಸರಾದ ದೀರ್ಘಾವಧಿ ಅಧ್ಯಯನ 45 ವರ್ಷದವರನ್ನೂ ಸೇರಿಸಿಕೊಂಡಿದೆ. ಏಕೆಂದರೆ ಕಾಯಿಲೆ ಹೊರಗೆ ಕಾಣುವ ಹತ್ತಿಪ್ಪತ್ತು ವರ್ಷ ಮೊದಲೇ ಮಿದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ.

ಓದುಬರಹ ಬಾರದವರ ಬುದ್ಧಿಯನ್ನು ಅಳೆಯಲಾಗದು ಎಂಬುದು ಕೆಲವೊಮ್ಮೆ ಓದಿದವರ ಮೂಢನಂಬಿಕೆ. ಪೆನ್ನನ್ನೇ ಹಿಡಿಯದ ಕೈಗೆ ಗಡಿಯಾರದ ಚಿತ್ರ ಬರೆಯಲು ಹೇಳಿ ಅಂಕ ಕಳೆದರೆ ದೋಷ ಪರೀಕ್ಷೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಇಲ್ಲಿನ ಜನಕ್ಕೆ ಹೊಂದುವ ಪರೀಕ್ಷೆಗಳನ್ನು ರೂಪಿಸಿದೆ. ಸಂಶೋಧಕಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅನಕ್ಷರಸ್ಥರೂ ಸೇರಿದಂತೆ ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ವ್ಯತ್ಯಾಸ ಉಳಿದಿತ್ತು. ಬಹುಪಾಲು ಆಂಧ್ರದಿಂದ ಸುತ್ತುವರಿದ ಪಾವಗಡದಲ್ಲಿ ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುವ ಹಿರಿಯರಿಗೆ ಇದು ಆಸಕ್ತಿಯ ಸಂಗತಿಯಾದರೂ, ಭಾಷೆ ಕಾಯಿಲೆಯನ್ನು ತಡೆಯುತ್ತದೆಂದು ಆ ಅಧ್ಯಯನ ಹೇಳಿಲ್ಲ.

ಹಿರಿಯರಲ್ಲಿ ಇಂಥ ಬದಲಾವಣೆ ಕಂಡಾಗ ಅವರು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಹಳೆಯ ಚೀಟಿಗಳನ್ನೂ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು; ಬದಲಾವಣೆ ದಿಢೀರನೆ ಬಂದಿದ್ದರೆ ಅದೇ ದಿನ ಹೋಗಬೇಕು. ಖಿನ್ನತೆ, ಗೊಂದಲ ಅಥವಾ ಆರೈಕೆ ಮಾಡುವವರ ಬಳಲಿಕೆಯ ಬಗ್ಗೆ ಕನ್ನಡದಲ್ಲೇ ಕೇಳಿ ತಿಳಿಯಲು 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಹಗಲೂ ರಾತ್ರಿ ಉಚಿತವಾಗಿ ಲಭ್ಯವಿದೆ.